ಗುಂಡಿನ ತೂಕ ಮಾತ್ರ ನೋಡಿದರೆ ಸಾಲದು

ನಿಮ್ಮ ಲೇಖನದಲ್ಲಿ, .38 ಸ್ಪೆಷಲ್, .357 ಮ್ಯಾಗ್ನಂ ಎಂಬ ಎರಡು ಬಗೆಯ ತೋಟಾಗಳಲ್ಲೂ 158 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡೇ ಇದ್ದರೆ ರಿವಾಲ್ವರಿನ ಒದೆತ, ಅಂದರೆ ಹಾರಿಸಿದಾಗ ಅದು ಕೈಯನ್ನು ಹಿಂದಕ್ಕೆ ತಳ್ಳುವುದು, ಹೆಚ್ಚುಕಡಿಮೆ ಒಂದೇ ಅಂತ ಬರೆದಿದ್ದೀರಿ. ಇದು ತಪ್ಪು. ಗುಂಡು ಒಂದೇ ಇರಬಹುದು, ವೇಗ ಒಂದೇ ಅಲ್ಲವಲ್ಲ! ಸ್ಪೆಷಲ್ ಸೆಕೆಂಡಿಗೆ ಸುಮಾರು 750 ಅಡಿ ಹೋದರೆ ಮ್ಯಾಗ್ನಂ 1200 ಅಡಿ ದಾಟುತ್ತದೆ. ಮ್ಯಾಗ್ನಂನಲ್ಲಿ ಮದ್ದೂ ಜಾಸ್ತಿ, ಅದು ಉರಿದು ನಳಿಗೆಯಿಂದ ನುಗ್ಗುವ ಅನಿಲ ಗುಂಡಿಗಿಂತ ಜೋರಾಗಿ ಓಡುತ್ತದೆ, ಆ ತಳ್ಳುವಿಕೆಯೂ ಕೈಗೇ ಬರುತ್ತದೆ. ಒಂದು ಕಿಲೋ ತೂಕದ ಉಕ್ಕಿನ ರಿವಾಲ್ವರಿಗೆ ಲೆಕ್ಕ ಹಾಕಿ ನೋಡಿ, ಮ್ಯಾಗ್ನಂನ ಒದೆತದ ಶಕ್ತಿ ಸ್ಪೆಷಲ್‌ನ ಸುಮಾರು ಮೂರು ಪಟ್ಟು ಬರುತ್ತದೆ. ಅದೇ ಮ್ಯಾಗ್ನಂ ತೋಟಾವನ್ನು ಅರ್ಧ ತೂಕದ ಹಗುರ ರಿವಾಲ್ವರಿಗೆ ಹಾಕಿದರೆ ಅದರ ಮೇಲೆ ಮತ್ತೆ ಎರಡು ಪಟ್ಟು, ಹೊಸಬರು ಇದರಲ್ಲಿ ಕಲಿಯಲು ಹೊರಟರೆ ಸದ್ದಿಗೆ ಬೆಚ್ಚಿ, ಒದೆತ ಬರುವ ಮೊದಲೇ ಕೈ ಬಿಗಿದು, ಸುಮ್ನೆ ಗುರಿ ಕೆಡಿಸಿಕೊಳ್ಳುತ್ತಾರೆ. .357 ರಿವಾಲ್ವರಿನಲ್ಲಿ .38 ಸ್ಪೆಷಲ್ ಹಾರಿಸಬಹುದು, ಕಲಿಯುವವರಿಗೆ ಅದೇ ಸರಿ. ದಯವಿಟ್ಟು ಇದನ್ನು ಲೇಖನದಲ್ಲಿ ಸೇರಿಸಿ. ಉಲ್ಟಾ ಮಾತ್ರ, ಅಂದರೆ .38 ರಿವಾಲ್ವರಿಗೆ .357 ತೋಟಾ ಹಾಕುವುದನ್ನು, ಮಾಡಬಾರದು. 1935ರಲ್ಲಿ ಮ್ಯಾಗ್ನಂ ಬಂದಾಗ ಅದರ ಕೇಸನ್ನು (ಮದ್ದು ತುಂಬಿರುವ ಲೋಹದ ಕವಚ) ಸ್ವಲ್ಪ ಉದ್ದ ಮಾಡಿದ್ದೇ ಹಳೆಯ .38 ರಿವಾಲ್ವರುಗಳಲ್ಲಿ ಅದು ಕೂರದಿರಲಿ ಅಂತ.