ಕಣ್ಣಿನ ಪೊರೆ ಬಲಿಯಲಿ ಅಂತ ಕಾಯೋದ್ಯಾಕೆ?

ಮದುರೈಗೆ ಬಂದು ನೆಲೆಸಿದ ಮೇಲೆ ಕಂಡಿದ್ದು: ಇಲ್ಲಿ ಹಳ್ಳಿಯ ವಯಸ್ಸಾದವರು ಕಣ್ಣು ತೋರಿಸಿಕೊಳ್ಳೋಕೆ ಮಕ್ಕಳ ಬಿಡುವಿಗಾಗಿ ಕಾಯುವುದು ಕಡಿಮೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದ ಅರವಿಂದ್ ಕಣ್ಣಾಸ್ಪತ್ರೆ ಈಗ ಹಳ್ಳಿಗಳ ಕಡೆಯೂ ಚಿಕ್ಕ ಕೇಂದ್ರಗಳನ್ನು ನಡೆಸುತ್ತದೆ. ಅಲ್ಲಿನ ಹುಡುಗಿ ಕಣ್ಣು ಪರೀಕ್ಷಿಸುತ್ತಾಳೆ, ದೂರದ ಡಾಕ್ಟರು ವಿಡಿಯೋದಲ್ಲಿ ಮಾತಾಡುತ್ತಾರೆ. ದುಡ್ಡು ಕೊಡುವವರಿಂದ ಬಂದ ಹಣದಲ್ಲೇ ಕೊಡಲಾಗದವರ ಆಪರೇಷನ್ನೂ ಆಗುತ್ತದೆ.

ನಮ್ಮ ಶಿಡ್ಲಘಟ್ಟದ ಕಡೆ ಇನ್ನೂ "ಪೊರೆ ಬಲೀಲಿ, ಆಮೇಲೆ ನೋಡೋಣ" ಅನ್ನುವವರೇ ಜಾಸ್ತಿ. ಹಿಂದಿನ ಕಾಲದ ಆಪರೇಷನ್ನಿಗೆ ಆ ಮಾತು ಸರಿಯಿತ್ತು. ಈಗ ಸಣ್ಣ ಸೀಳು ಮಾಡಿ, ಪೊರೆಯನ್ನು ಪುಡಿ ಮಾಡಿ ಹೀರಿ, ಹೊಸ ಲೆನ್ಸ್ ಕೂರಿಸುತ್ತಾರೆ. ಬಲಿತಷ್ಟೂ ಪೊರೆ ಗಟ್ಟಿ, ಡಾಕ್ಟರಿಗೂ ತಾಪತ್ರಯ.

ನಮ್ಮ ದೊಡ್ಡಮ್ಮನನ್ನೇ ನೋಡಿ. ಮೊರದಲ್ಲಿ ಹುರುಳಿ ಹರಡಿಕೊಂಡು ಕಲ್ಲನ್ನು ಬೆರಳಲ್ಲಿ ತಡವಿ ತಡವಿ ತೆಗೆಯುತ್ತಿದ್ದರು. ಸಂಜೆಯಾದರೆ ಹೊಸ್ತಿಲು ದಾಟುತ್ತಿರಲಿಲ್ಲ. ಮನೆಯವರು "ಮಂಡಿ ನೋವು, ವಯಸ್ಸಾಯ್ತಲ್ಲ" ಅಂದುಕೊಂಡರು. ಮೆಟ್ಟಿಲಲ್ಲಿ ಜಾರಿ ಬಿದ್ದು ಆಸ್ಪತ್ರೆಗೆ ಹೋದಾಗಲೇ ಪೊರೆ ಗೊತ್ತಾಗಿದ್ದು. ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿದರೆ ಶುಗರೂ ಸಿಕ್ಕಿತು. "ಕಣ್ಣಿಗಂತ ಹೋದ್ರೆ ಕಾಫಿ ಸಕ್ಕರೆ ಕಿತ್ಕೊಂಡ್ರಲ್ಲೋ" ಅಂತ ಈಗಲೂ ಬೈಯುತ್ತಾರೆ!

ಶುಗರ್, ಬೀಡಿ, ಬಹಳ ದಿನ ತಗೊಂಡ ಸ್ಟೀರಾಯ್ಡ್ ಇವೆಲ್ಲ ಪೊರೆಯನ್ನು ಬೇಗ ತರುತ್ತವೆ. ಕಣ್ಣು ಮಂಜಾದರೆ ಬೀಳುವುದು ಹೆಚ್ಚು, ಓಡಾಟ ಕಡಿಮೆ, ಜನರ ಜೊತೆ ಮಾತೂ ಕಡಿಮೆ. ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಹಿರಿಯರನ್ನು ಗಮನಿಸಿದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಪೊರೆ ತೆಗೆಸಿಕೊಂಡವರಲ್ಲಿ ಮರೆವಿನ ಕಾಯಿಲೆ ಸುಮಾರು 30% ಕಡಿಮೆ ಕಂಡಿತ್ತು. ಆಪರೇಷನ್ನೇ ಕಾರಣ ಅಂತ ಅಷ್ಟರಿಂದಲೇ ಹೇಳಲಾಗದು, ಆದರೆ ತಳ್ಳಿಹಾಕುವ ವಿಷಯವೂ ಅಲ್ಲ ಅಲ್ವಾ?

ನಮ್ಮಲ್ಲಿ ಏನೂ ಇರಲಿಲ್ಲ ಅಂತಲ್ಲ. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ, ಶಿಬಿರ ಹಾಕಿ, ಲಕ್ಷಗಟ್ಟಲೆ ಆಪರೇಷನ್ ಮಾಡಿದವರು. ಶಿಬಿರ ಈಗಲೂ ಬರುತ್ತದೆ, ಹೋಗುತ್ತದೆ. ಆಮೇಲೆ ಡ್ರಾಪ್ಸ್ ಸರಿಯಾಗಿ ಹಾಕಿದರಾ, ಇನ್ನೊಂದು ಕಣ್ಣು ಹೇಗಿದೆ ಅಂತ ಕೇಳೋಕೆ ಹೋಬಳಿಗೊಂದು ಬಾಗಿಲು ತೆರೆದಿರಬೇಕು. ನನ್ನ ತಕರಾರು ಅಷ್ಟೇ.

ದೊಡ್ಡಮ್ಮನ ಎಡಗಣ್ಣು ಇನ್ನೂ ಬಾಕಿ. "ಒಂದು ಕಾಣ್ತದಲ್ಲ, ಸಾಕು ಬಿಡೋ" ಅನ್ನುತ್ತಾರೆ. ಮೆಟ್ಟಿಲ ಆಳ ಸರಿಯಾಗಿ ತಿಳಿಯೋಕೆ ಎರಡೂ ಬೇಕು ಅಂತ ಫೋನಿನಲ್ಲಿ ಹೇಳಿದರೆ ಅಣ್ಣನದು ಬೇರೆ ರಾಗ: ರೇಷ್ಮೆ ಹುಳ ಹಣ್ಣಾಗ್ತಿದೆ, ಗೂಡು ಮಾರ್ಕೆಟ್ಟಿಗೆ ಹಾಕಿ ಬಂದ ಮೇಲೆ ನೋಡೋಣವಂತೆ.