ಜಾಹೀರಾತು ಊರಿಗೆ ಬಂತು, ಎಚ್ಚರಿಕೆ ಬರಲಿಲ್ಲ

ಈಚೆಗೆ ಹುಬ್ಬಳ್ಳಿಯಿಂದ ಬರುವ ಫೋನುಗಳಲ್ಲಿ ಒಂದು ಹೊಸ ಬೇಡಿಕೆ ಸೇರಿಕೊಂಡಿದೆ. ಮೊದಲೆಲ್ಲಾ ಚಾಕೊಲೇಟ್, ಬಾದಾಮಿ, ಹೆಚ್ಚೆಂದರೆ ಒಂದು ಫೋನ್ ತಾ ಅನ್ನುತ್ತಿದ್ದರು. ಈಗ "ಆ ತೂಕ ಇಳಿಸೋ ಸೂಜಿ ಅಲ್ಲೇ ಚಲೋ ಸಿಗ್ತದಂತಲ್ಲೋ, ಬರೋವಾಗ ತಗೊಂಡ್ ಬಾ" ಅನ್ನುತ್ತಾರೆ. ಎಲ್ಲಿ ನೋಡಿದಿರಿ ಅಂತ ಕೇಳಿದರೆ ಯೂಟ್ಯೂಬ್, ರೀಲ್ಸ್ ಅನ್ನುವ ಉತ್ತರ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಟಿವಿಯಲ್ಲಿ ಔಷಧದ ಜಾಹೀರಾತು ಸೋಪಿನ ಜಾಹೀರಾತಿನಷ್ಟೇ ಮಾಮೂಲು. ಅಜ್ಜ ಮೊಮ್ಮಗಳ ಜೊತೆ ಗಾಳಿಪಟ ಹಾರಿಸುತ್ತಾನೆ, ನಾಯಿ ಹುಲ್ಲಿನ ಮೇಲೆ ಓಡುತ್ತದೆ, ಹಿಂದೆ ಇಂಪಾದ ಸಂಗೀತ. ಅದರ ನಡುವೆಯೇ ಒಂದು ಮೆತ್ತನೆಯ ದನಿ ಲಿವರ್ ಕೆಡಬಹುದು, ಸೋಂಕು ಜೋರಾಗಬಹುದು, ಸಾವೂ ಬರಬಹುದು ಅಂತ ಗಡಿಬಿಡಿಯಲ್ಲಿ ಹೇಳಿ ಮುಗಿಸುತ್ತದೆ. ಕಣ್ಣು ಅಜ್ಜನ ನಗು ನೋಡುತ್ತಿರುವಾಗ ಕಿವಿಗೆ ಸಾವಿನ ಸುದ್ದಿ ಬೀಳುವುದಾದರೂ ಹೇಗೆ?

ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಔಷಧವನ್ನು ಹೀಗೆ ನೇರವಾಗಿ ಜನರ ಮುಂದೆ ಹೊಗಳಲು ಬಿಟ್ಟಿರುವ ದೇಶಗಳು ಮುಖ್ಯವಾಗಿ ಎರಡೇ, ಅಮೆರಿಕ ಮತ್ತು ನ್ಯೂಜಿಲೆಂಡ್. ಅಮೆರಿಕದಲ್ಲಿ ಇದಕ್ಕೆ ರಂಗು ಬಂದದ್ದು 1997ರ ನಂತರ. ಮುಖ್ಯ ಅಪಾಯಗಳನ್ನು ಹೇಳಿ, ಉಳಿದದ್ದನ್ನು ಎಲ್ಲಿ ಓದಬೇಕು ಅಂತ ತೋರಿಸಿದರೆ ಸಾಕು ಎಂದು ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ವರ್ಷ ಸಡಿಲ ಮಾಡಿತು.

ಅದರ ಬೆಲೆ ಏನು ಅನ್ನುವುದಕ್ಕೆ ವಯಾಕ್ಸ್ ಸಾಕು. ಮೆರ್ಕ್ ಕಂಪನಿಯ ಕೀಲುನೋವಿನ ಗುಳಿಗೆ. 1999ರಲ್ಲಿ ಅನುಮತಿ ಸಿಕ್ಕಿತು. ಟಿವಿಯಲ್ಲಿ ಎಡಬಿಡದೆ ಬಂತು, ಜನ ತಾವೇ ಹೋಗಿ ಡಾಕ್ಟರನ್ನು ಕೇಳಿ ಬರೆಸಿಕೊಂಡರು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ ಎಂದು ಖಚಿತವಾಗಿ 2004ರ ಸೆಪ್ಟೆಂಬರ್ 30ರಂದು ಕಂಪನಿ ಅದನ್ನು ವಾಪಸ್ ತೆಗೆದುಕೊಂಡಿತು. 2007ರಲ್ಲಿ ಕೇಸು ಹಾಕಿದವರ ಜೊತೆ 485 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಹೊಸ ಔಷಧದ ಅಪಾಯ ಪೂರ್ತಿ ಗೊತ್ತಾಗಲು ವರ್ಷಗಳು ಬೇಕು. ಜಾಹೀರಾತಿಗೆ ಅಷ್ಟು ತಾಳ್ಮೆ ಇಲ್ಲ.

ಹಾಗಾದರೆ ನಮ್ಮೂರೇ ವಾಸಿ, ಅಲ್ವಾ? ಕಾನೂನು ನೋಡಿದರೆ ಹೌದು. ಚೀಟಿ ಔಷಧವನ್ನು ನಮ್ಮಲ್ಲಿ ಟಿವಿಯಲ್ಲಿ ಮಾರುವ ಹಾಗಿಲ್ಲ. ಸಕ್ಕರೆ ಕಾಯಿಲೆಯಂಥವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಹಾಕುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ. (ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಗುಪ್ತರೋಗದ ಚೀಟಿ ಅಂಟಿಸುವವರಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.) ಆದರೆ ವಯಾಕ್ಸ್‌ನಲ್ಲಿದ್ದ ರೋಫೆಕಾಕ್ಸಿಬ್ ಯಾವ ಟಿವಿ ಜಾಹೀರಾತೂ ಇಲ್ಲದೆ ನಮ್ಮಲ್ಲೂ ಮಾರಾಟವಾಗುತ್ತಿತ್ತು. ಸರ್ಕಾರ ಅದನ್ನು ನಿಷೇಧಿಸಿದ್ದು 2004ರ ಡಿಸೆಂಬರಿನಲ್ಲಿ, ಅಲ್ಲಿ ನಿಂತ ಮೇಲೆ.

ನಮ್ಮಲ್ಲಿ ಜಾಹೀರಾತಿನ ಕೆಲಸವನ್ನು ಪಕ್ಕದ ಮನೆಯವರು ಮಾಡುತ್ತಾರೆ. ಕಳೆದ ಸಲ ಊರಿಗೆ ಹೋದಾಗ ಹುಬ್ಬಳ್ಳಿಯ ಒಂದು ಮೆಡಿಕಲ್ ಮುಂದೆ ನಿಂತಿದ್ದೆ. ನನಗಿಂತ ಮುಂದೆ ಒಬ್ಬ ಅಜ್ಜಿ. ಸೆರಗಿನ ಗಂಟು ಬಿಚ್ಚಿ, ಖಾಲಿಯಾದ ಗುಳಿಗೆ ಪಟ್ಟಿಯ ಒಂದು ಚೂರು ತೆಗೆದು ಮುಂದಿಟ್ಟರು.

"ತಮ್ಮಾ, ಇದರಾಗಿನ್ವು ಹತ್ತ ಗುಳಿಗಿ ಕೊಡು. ನಮ್ಮ ಬಾಜೂ ಮನಿ ಗೌರಕ್ಕಗ ಮೊಣಕಾಲ ಬ್ಯಾನಿ ಒಂದ ದಿನದಾಗ ಇಳೀತಂತ."

"ಉಂಡ ಮ್ಯಾಲೆ ತಗೋರಿ ಅಮ್ಮಾ."

ಅಷ್ಟೇ. ಬಿಪಿ ಇದೆಯಾ, ಕಿಡ್ನಿ ತೊಂದರೆ ಇದೆಯಾ, ಬೇರೆ ಏನು ತಗೋತೀರಿ, ಒಂದೂ ಇಲ್ಲ. ಪಟ್ಟಿಗೆ ಕತ್ತರಿ ಹಾಕಿ ಹತ್ತು ಗುಳಿಗೆ ತೆಗೆದು, ಸಣ್ಣ ಕಾಗದದ ಲಕೋಟೆಯ ಮೇಲೆ ಪೆನ್ನಿನಿಂದ ಎರಡು ಗೆರೆ ಎಳೆದು ಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಪಟ್ಟಿಯ ಮೇಲೆ ಕೆಂಪು ಗೆರೆ ಇತ್ತು, ಡಾಕ್ಟರ್ ಚೀಟಿ ಇದ್ದರೆ ಮಾತ್ರ ಮಾರಬೇಕು ಅನ್ನುವ ಗುರುತು ಅದು. ಅಕ್ಷರಗಳು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು. ನೋವಿನ ಗುಳಿಗೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬಿಪಿ ಏರಬಹುದು, ವಯಸ್ಸಾದವರ ಕಿಡ್ನಿಗೆ ಪೆಟ್ಟು ಬೀಳಬಹುದು. ಆ ಅಜ್ಜಿಗೆ ಇದನ್ನು ಯಾರು ಹೇಳಬೇಕು?

ಅಂಗಡಿಯವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಅವರು ಕೊಡದಿದ್ದರೆ ಎದುರಿನ ಅಂಗಡಿಯವರು ಕೊಡುತ್ತಾರೆ. ಡಾಕ್ಟರ್ ಹತ್ತಿರ ಹೋದರೆ ಅರ್ಧ ದಿನದ ಕೂಲಿ ಹೋಯಿತು, ಫೀ ಬೇರೆ. ಆದರೂ ಕೆಲವು ಆಂಟಿಬಯೋಟಿಕ್‌ಗಳಿಗೆ ರೋಗಿಯ ಹೆಸರು, ಡಾಕ್ಟರ್ ಹೆಸರು ಬರೆದು ಮೂರು ವರ್ಷ ಇಡಬೇಕು ಅನ್ನುವ ನಿಯಮ 2014ರಿಂದ ಜಾರಿಯಲ್ಲಿದೆ. ಆ ಪುಸ್ತಕ ತೆರೆದು ನೋಡುವವರು ಬೇಕು.

ಇಲ್ಲಿ ನ್ಯೂಜೆರ್ಸಿಯಲ್ಲಿ ಚೀಟಿ ಔಷಧ ತರಲು ಹೋದರೆ ಚೀಟಿ ಇಲ್ಲದೆ ಕೈಗೆ ಬರುವುದಿಲ್ಲ. ಬಂದಾಗ ಡಬ್ಬಿಯ ಮೇಲೆ ನನ್ನ ಹೆಸರು, ಜೊತೆಗೆ ಮಡಚಿದ ಕಾಗದ. ಹೊಸ ಔಷಧವಾದರೆ ಫಾರ್ಮಸಿಸ್ಟ್ ಮಾತಾಡಿಸುತ್ತಾರೆ. ಟಿವಿಯ ಹಾವಳಿಯನ್ನು ಇದು ಸ್ವಲ್ಪವಾದರೂ ತಡೆಯುತ್ತದೆ. ನನ್ನ ಮಟ್ಟಿಗೆ ಅಮೆರಿಕ ನಮ್ಮಿಂದ ಜಾಹೀರಾತಿನ ನಿಷೇಧ ಕಲಿಯಬೇಕು, ನಾವು ಅವರ ಕೌಂಟರ್ ಕಲಿಯಬೇಕು. ಈಗ ಆಗುತ್ತಿರುವುದು ಉಲ್ಟಾ. ಅವರ ಜಾಹೀರಾತು ಮೊಬೈಲ್ ಮೂಲಕ ಹುಬ್ಬಳ್ಳಿಗೆ ಬರುತ್ತದೆ, ರೀಲ್ಸ್‌ಗೆ ಕತ್ತರಿಸುವಾಗ ಮೆತ್ತನೆಯ ದನಿಯ ಎಚ್ಚರಿಕೆ ಉದುರಿ ಹೋಗುತ್ತದೆ. ಆ ತೂಕ ಇಳಿಸುವ ಸೂಜಿಯನ್ನು ಸಣ್ಣ ಡೋಸಿನಿಂದ ಶುರು ಮಾಡಿ ನಿಧಾನ ಏರಿಸಬೇಕು, ವಾಂತಿ ಸಾಮಾನ್ಯ, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಮನೆತನದಲ್ಲಿ ಯಾರಿಗಾದರೂ ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದಿದ್ದರೆ ಮುಟ್ಟಲೇಬಾರದು. ಇದನ್ನೆಲ್ಲಾ ಫೋನಿನಲ್ಲಿ ಹೇಳಿದರೆ "ತರೋ ಮನಸ್ಸಿಲ್ಲ ಅನ್ನಪಾ" ಅನ್ನುತ್ತಾರೆ.

ಒಂದು ಕೆಲಸ ಸುಲಭವಾಗಿ ಆಗಬಹುದು. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್ ಔಷಧಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದರಲ್ಲಿರಬೇಕಾದದ್ದು ಕಂಪನಿ, ಬ್ಯಾಚ್, ತಯಾರಾದ ಮತ್ತು ಮುಗಿಯುವ ತಾರೀಖು, ಲೈಸೆನ್ಸ್ ನಂಬರು, ಇಂಥವೇ. ಯಾರು ತಗೋಬಾರದು, ಏನಾದರೆ ನಿಲ್ಲಿಸಬೇಕು ಅಂತ ಕನ್ನಡದಲ್ಲಿ ನಾಲ್ಕು ಸಾಲು, ಓದಲು ಬಾರದವರಿಗೆ ಧ್ವನಿಯಲ್ಲಿ, ಅಲ್ಲೇ ಸೇರಿಸಬಹುದು. ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿಂದು ಸ್ಕ್ಯಾನ್ ಮಾಡಿ ದುಡ್ಡು ಕೊಡುವ ಹುಡುಗರು ತಮ್ಮ ಅಜ್ಜಿಯ ಗುಳಿಗೆ ಪಟ್ಟಿಯನ್ನೂ ಸ್ಕ್ಯಾನ್ ಮಾಡಬಲ್ಲರು. ಅಂಗಡಿಯವರು ಕೋಡ್ ಇರುವ ಕಡೆ ಕತ್ತರಿ ಹಾಕದಿದ್ದರೆ ಆಯಿತು.