ಮುಚ್ಚಿದ ಕಿಟಕಿಗೆಲ್ಲ ತೆರಿಗೆಯೇ ಕಾರಣವಾ?

ಇಂಗ್ಲೆಂಡಿನ ಹಳೇ ಮನೆಗಳಲ್ಲಿ ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳೆಲ್ಲ ತೆರಿಗೆ ತಪ್ಪಿಸಲು ಮುಚ್ಚಿದವು ಎಂಬ ಸಂದೇಶ ಆಗಾಗ ಬರುತ್ತದೆ. ನಂಬುವಂತೆಯೇ ಇದೆ, ಅಲ್ವಾ? ಮನೆಯ ಕಿಟಕಿಗಳನ್ನು ಎಣಿಸಿ ಹಾಕುವ ಕಿಟಕಿ ತೆರಿಗೆ 1696ರಿಂದ 1851ರವರೆಗೆ ನಿಜವಾಗಿಯೂ ಇತ್ತು. ಕೆಲವರು ಕಿಟಕಿ ಮುಚ್ಚಿಸಿದ್ದೂ ನಿಜ. ಆದರೆ ಎಲ್ಲವೂ ಹಾಗಲ್ಲ.

ಜಾರ್ಜಿಯನ್ ಕಾಲದ (ಸುಮಾರು 1714ರಿಂದ 1830ರ) ಮನೆಗಳ ಮುಂಭಾಗ ಎರಡೂ ಕಡೆ ಸಮನಾಗಿ ಕಾಣಬೇಕಿತ್ತು. ಒಳಗೆ ಹೊಗೆಗೂಡು ಅಥವಾ ಅಡ್ಡಗೋಡೆ ಬಂದ ಕಡೆ ಕಿಟಕಿಯ ಆಕಾರವನ್ನಷ್ಟೇ ಕಟ್ಟುತ್ತಿದ್ದರು. ಅಲ್ಲಿ ಗಾಜು ಎಂದೂ ಇರಲಿಲ್ಲ. ಮನೆಯನ್ನು ನಂತರ ಶಾಲೆಯಾಗಿಯೋ ಫ್ಲ್ಯಾಟ್‌ಗಳಾಗಿಯೋ ಬದಲಾಯಿಸಿದಾಗ ಮುಚ್ಚಿದವೂ ಇವೆ.

ಕಾರಣ ತಿಳಿಯಬೇಕಾದರೆ, ಮೊದಲು ಮನೆ ಕಟ್ಟಿದ ವರ್ಷ ನೋಡಿ. 1851ರ ನಂತರದ್ದಾದರೆ ತೆರಿಗೆಯ ಮಾತೇ ಇಲ್ಲ. ಆಮೇಲೆ ಇಟ್ಟಿಗೆ ಗಮನಿಸಿ. ಸುತ್ತಲಿನ ಗೋಡೆಯ ಜೊತೆ ಹೆಣೆದುಕೊಂಡಿದ್ದರೆ ಅದು ಮೊದಲಿನಿಂದಲೂ ಹಾಗೇ ಇದ್ದಿರುವ ಸಾಧ್ಯತೆ ಜಾಸ್ತಿ. ಕಟ್ಟಿದ ಕಾಲ ಹುಡುಕಲು ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಅಧಿಕೃತ ಪಟ್ಟಿ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ.